ಬೆಂಗಳೂರು ಕೋಟೆಗೆ ಒಂದು ಅಧ್ಯಯನ ಪ್ರವಾಸ

ಪ್ರೌಢಶಾಲೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಕೈಗೊಳ್ಳುವ ಪ್ರವಾಸವು ಶಿಕ್ಷಣದ ಒಂದು ಅಂಗವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಒಪ್ಪಿದ ಮಾತು ಆಚರಣೆಗೆ ಬರುವಾಗ ಅದು ಬಹುಮಟ್ಟಿಗೆ ವಿಹಾರವಾಗಿ ಪರಿಣಮಿಸುವುದುಂಟು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಿಂದ ಬೆಂಗಳೂರಿಗೆ ಹೊರಡುವ ಶಾಲಾ ಪ್ರವಾಸಗಳಲ್ಲಿ ವಿಧಾನಸೌಧ, ಕಬ್ಬನ್ ಉದ್ಯಾನ, ಲಾಲ್‌ಬಾಗ್, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಬನ್ನೇರುಘಟ್ಟ ಇವು ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಗರದ ನಟ್ಟನಡುವೆ, ಕೃಷ್ಣರಾಜೇಂದ್ರ ಮಾರುಕಟ್ಟೆಯ ಮಗ್ಗುಲಲ್ಲಿರುವ ಕೋಟೆ ಮಾತ್ರ ಆ ಪಟ್ಟಿಯಲ್ಲಿ ಅಪರೂಪ. "ಅಲ್ಲಿ ನೋಡುವಂಥದು ಏನಿದೆ?" ಎಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಒಂದು ಮೈಲಿಯಷ್ಟು ಸುತ್ತಳತೆಯಿದ್ದ ಕೋಟೆಯಲ್ಲಿ ಇಂದು ಉಳಿದಿರುವುದು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರವೆಂದು ಹೇಳುವುದುಂಟು. ಒಂದು ಹೆಬ್ಬಾಗಿಲು, ಅದರ ಆಸುಪಾಸಿನ ಗೋಡೆ, ಒಳಗೊಂದು ಗಣಪತಿಯ ಗುಡಿ, ಇಷ್ಟೆ. ಯಾವ ಸಿದ್ಧತೆಯೂ ಇಲ್ಲದೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಹತ್ತು ನಿಮಿಷದಲ್ಲಿ ಅವರು ಹೊರಗೆ ಬಂದು ಹೂವಿನ ರಾಶಿಗಳನ್ನು ನೋಡುತ್ತ ನಿಲ್ಲುತ್ತಾರೆ.

ಹೀಗಿದ್ದರೂ ಬಂಡಳ್ಳಿಯಂಥ ಊರಿನ ಮಕ್ಕಳು ಬೆಂಗಳೂರಿನಲ್ಲಿ ಒಂದೇ ಒಂದು ಐತಿಹಾಸಿಕ ಸ್ಥಳವನ್ನು ನೋಡಲು ಸಾಧ್ಯವಿದ್ದರೆ ಅದು ಈ ಕೋಟೆಯೇ ಆಗಬೇಕು. ಕಾರಣವು ಬೆಂಗಳೂರಿನ ಚರಿತ್ರೆಗಿಂತ ಹೆಚ್ಚಾಗಿ ಈ ಸೀಮೆಯ ಚರಿತ್ರೆಯಲ್ಲಿದೆ. ಮೈಸೂರು ರಾಜ್ಯದ ಭಾಗವಾಗಿದ್ದ ಕೊಳ್ಳೇಗಾಲವು 1799ರಲ್ಲಿ ಟೀಪುವಿನ ಪತನಾನಂತರ ಕಂಪನಿಯ ಪಾಲಾಗಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಕನ್ನಡವನ್ನೇ ಆಡುತ್ತ, ಕನ್ನಡದಲ್ಲೇ ಬಾಳುತ್ತ ಬಂದ ಜನ 1956ರ ನವೆಂಬರ್ 1ರವರೆಗೆ, ಎಂದರೆ 157 ವರ್ಷಗಳ ಕಾಲ, ಆಡಳಿತದ ದೃಷ್ಟಿಯಿಂದ ಬೇರೊಂದು ಪ್ರಾಂತದವರಾಗಿ ಉಳಿದರು. ಈ ಅಗಲಿಕೆಗೆ ದಾರಿ ಮಾಡಿದ ಯುದ್ಧಪರಂಪರೆಯಲ್ಲಿ ನಿರ್ಣಾಯಕವಾದ ಒಂದು ರಾತ್ರಿ ಬೆಂಗಳೂರು ಕೋಟೆಯ ಗೋಡೆಯ ಬಳಿ ಕಳೆಯಿತು. ಆ ಗೋಡೆಯ ಒಂದು ತುಣುಕು ಇನ್ನೂ ನಿಂತಿದೆ. ಪಠ್ಯಪುಸ್ತಕದಲ್ಲಿ "ಮೂರನೆಯ ಮೈಸೂರು ಯುದ್ಧ" ಎಂಬ ಶೀರ್ಷಿಕೆಯಡಿ ನಾಲ್ಕು ಸಾಲಿನಲ್ಲಿ ಮುಗಿದುಹೋಗುವ ಸಂಗತಿಯು ತಮ್ಮ ಮನೆಯ ಹಳೆಯ ಪತ್ರಗಳಿಗೂ ಸಂಬಂಧಿಸಿದ್ದೆಂಬ ತಿಳಿವಳಿಕೆ ವಿದ್ಯಾರ್ಥಿಗೆ ಬಂದರೆ ಪ್ರವಾಸದ ಶ್ರಮ ಸಾರ್ಥಕವಾದಂತೆ.

ಆದುದರಿಂದ ಕೋಟೆಯ ಚರಿತ್ರೆಯನ್ನು ಮೊದಲು ಉಪಾಧ್ಯಾಯರೇ ಕ್ರಮವಾಗಿ ಮನನ ಮಾಡಿಕೊಳ್ಳಬೇಕು. ಯಲಹಂಕದ ನಾಡಪ್ರಭು ಕೆಂಪೇಗೌಡನು ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 1537ರಲ್ಲಿ, ಬೆಂಗಳೂರನ್ನು ಕಟ್ಟಿ ಮಣ್ಣಿನ ಕೋಟೆಯನ್ನು ಹಾಕಿಸಿದನೆಂಬುದು ಸರ್ವವಿದಿತ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ದಂಡಯಾತ್ರೆಯಿಂದ ಊರು ಕೆಂಪೇಗೌಡನ ವಂಶದವರ ಕೈತಪ್ಪಿ, ಶಹಾಜಿಯ ಜಹಗೀರಾಯಿತು. ಅನಂತರ ಮೊಗಲರ ಕೈಗೆ ಬಂದಿತು. ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿಗೆ ಅದನ್ನು ಕೊಂಡರು. ಒಂದು ನಗರವನ್ನು ಕಾಳಗವಿಲ್ಲದೆ ಹಣ ತೆತ್ತು ಪಡೆದ ಈ ಪ್ರಸಂಗವನ್ನು ಮಕ್ಕಳು ಸ್ವಾರಸ್ಯದಿಂದ ಕೇಳುತ್ತಾರೆ. ಹೈದರಾಲಿಯು 1761ರಲ್ಲಿ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದನು. ಇಂದು ಕಣ್ಣಿಗೆ ಬೀಳುವ ಕಲ್ಲು, ಕಮಾನು, ಕೆತ್ತನೆ ಇವೆಲ್ಲ ಆ ಕಾಲದ ಮತ್ತು ಅದರ ಅನಂತರದ ಕೆಲಸ. "ಕೆಂಪೇಗೌಡನ ಕೋಟೆ" ಎಂದು ಮಕ್ಕಳಿಗೆ ಹೇಳಿ, ಕಮಾನಿನ ಕೆಳಗೆ ನಿಲ್ಲಿಸಿದರೆ ಎರಡು ಶತಮಾನಗಳನ್ನು ಕಲಸಿದಂತಾಗುತ್ತದೆ. ಹುಟ್ಟು ಮಧ್ಯಯುಗದ್ದು, ಮೈ ಹದಿನೆಂಟನೆಯ ಶತಮಾನದ್ದು ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ಹೈದರನು ತನ್ನ ವಿರುದ್ಧ ತಿರುಗಿಬಿದ್ದ ಖಂಡೇರಾಯನನ್ನು ಸೆರೆಹಿಡಿದು, ಗಿಳಿಯಂತೆ ಸಾಕುವೆನೆಂಬ ಮಾತಿಗೆ ತಕ್ಕಂತೆ ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನೆಂಬ ಕಥೆಯನ್ನು ಇತಿಹಾಸಕಾರ ವಿಲ್ಕ್ಸ್ ಹೇಳಿದ್ದಾನೆ. ಅದು ಬೆಂಗಳೂರಿಗೇ ಸಂಬಂಧಪಟ್ಟ ಕಥೆ. ಮಕ್ಕಳು ಎಲ್ಲವನ್ನೂ ಮರೆತರೂ ಇದನ್ನು ಮರೆಯುವುದಿಲ್ಲ.

ಇನ್ನು 1791ರ ಮುತ್ತಿಗೆ. ಗವರ್ನರ್ ಜನರಲ್ ಕಾರ್ನ್‌ವಾಲಿಸನು ಸ್ವತಃ ಸೈನ್ಯದ ಮುಂದಾಳುತನ ವಹಿಸಿ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನ ಮುಂದೆ ಬಂದಿಳಿದನು. ಆಗ ಬೆಂಗಳೂರು ಎಂದರೆ ಎರಡು ಭಾಗ: ಉತ್ತರಕ್ಕೆ ಬಿದಿರುಮೆಳೆ ಮತ್ತು ಕಂದಕದಿಂದ ಸುತ್ತುವರಿದ ಪೇಟೆ, ದಕ್ಷಿಣಕ್ಕೆ ಮೊಟ್ಟೆಯಾಕಾರದ ಕಲ್ಲುಕೋಟೆ. ಎರಡರ ನಡುವೆ ಬಯಲು. ಮಾರ್ಚ್ 7ರಂದು ಪೇಟೆ ಬಿದ್ದಿತು. ಅಲ್ಲಿಂದ ಎರಡು ವಾರ ಕೋಟೆಯ ಮೇಲೆ ಫಿರಂಗಿಗಳ ಪ್ರಹಾರ ನಡೆದು ಗೋಡೆಯಲ್ಲಿ ಬಿರುಕು ಬಿಟ್ಟಿತು. ಟೀಪುವಿನ ಸೈನ್ಯ ಹೊರಗೆ ಸ್ವಲ್ಪ ದೂರದಲ್ಲಿಯೇ ಇದ್ದರೂ ನೆರವು ಒಳಗೆ ತಲುಪಲಿಲ್ಲ. ಮಾರ್ಚ್ 21ರ ರಾತ್ರಿ ಬೆಳದಿಂಗಳಲ್ಲಿ ಆಂಗ್ಲ ಸೈನಿಕರು ಬಿರುಕಿನ ಮೂಲಕ ಏರಿಬಂದರು. ಕಿಲ್ಲೇದಾರ ಬಹದ್ದೂರ್ ಖಾನನು ಹೋರಾಡುತ್ತ ಮಡಿದನು. ಅವನೊಡನೆ ನೂರಾರು ಮಂದಿ ಕಾವಲಿನವರೂ ಮಡಿದರು. ಆ ಸ್ಥಳವನ್ನು ಸೂಚಿಸುವ ಕಲ್ಲಿನ ಫಲಕವೊಂದು ಉಳಿದ ಗೋಡೆಯ ಮೇಲಿದೆ. ಅದನ್ನು ಬರೆಸಿದವರು ಗೆದ್ದವರು; ಆದುದರಿಂದ ಅದರಲ್ಲಿ ಒಳಗೆ ಸತ್ತವರ ಪ್ರಸ್ತಾಪವಿಲ್ಲ. ಶಾಸನವೊಂದನ್ನು ಓದುವಾಗ ಅದರಲ್ಲಿ ಏನಿದೆ ಎಂಬುದರೊಂದಿಗೆ ಏನಿಲ್ಲ ಎಂಬುದನ್ನೂ ಗಮನಿಸಬೇಕೆಂಬ ಪಾಠಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಹೈಸ್ಕೂಲಿನ ಮಕ್ಕಳಿಗೆ ದೊರಕಲಾರದು.

ಮುಂದಿನ ಕಥೆ ಬಂಡಳ್ಳಿಯ ಮಕ್ಕಳ ದಾರಿಯಲ್ಲಿಯೇ ಇದೆ. ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಕಡೆಗೆ ಹೊರಟನು. ಚನ್ನಪಟ್ಟಣದ ನೇರ ದಾರಿಗೆ ಟೀಪು ಅಡ್ಡಗಟ್ಟಿದ್ದರಿಂದ ಅವನು ದಕ್ಷಿಣಕ್ಕೆ ತಿರುಗಿ ಕಾನಕಾನಹಳ್ಳಿ, ಎಂದರೆ ಇಂದಿನ ಕನಕಪುರ, ಅಲ್ಲಿಂದ ಮಳವಳ್ಳಿ, ಹೀಗೆ ಸಾಗಿ ಮೇ ತಿಂಗಳಲ್ಲಿ ಅರಕೆರೆಯನ್ನು ಸೇರಿದನು. ದಾರಿಯುದ್ದಕ್ಕೂ ಹಳ್ಳಿಗಳ ದವಸ, ಮೇವು ಎಲ್ಲವನ್ನೂ ಟೀಪುವಿನ ಕಡೆಯವರು ಮೊದಲೇ ಸಾಗಿಸಿಯೋ ಸುಟ್ಟೋ ಬಿಟ್ಟಿದ್ದರು. ಕಾಳಗದಲ್ಲಿ ಗೆಲುವು ದೊರಕಿದರೂ ಎತ್ತುಗಳು ಸತ್ತು, ಮಳೆ ಹಿಡಿದು, ಕಾರ್ನ್‌ವಾಲಿಸನು ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಕೊಳ್ಳೇಗಾಲದಿಂದ ಬೆಂಗಳೂರಿಗೆ ಹೋಗುವ ಬಸ್ಸು ಸತ್ತೇಗಾಲದ ಬಳಿ ಕಾವೇರಿಯನ್ನು ದಾಟಿ, ಮಳವಳ್ಳಿ, ಹಲಗೂರು, ಕನಕಪುರಗಳ ಮೂಲಕ ಸಾಗುತ್ತದೆ. ಆ ಸೈನ್ಯ ಬಂದ ಸೀಮೆಯನ್ನೇ ಮಕ್ಕಳು ಎದುರು ದಿಕ್ಕಿನಿಂದ ಹಾದುಹೋಗುತ್ತಾರೆ. ಮಳವಳ್ಳಿ ಬಂದಾಗ ಉಪಾಧ್ಯಾಯರು ಇದನ್ನು ಹೇಳಿದರೆ ಸಾಕು, ಕಿಟಕಿಯ ಹೊರಗಿನ ಹೊಲಗಳಿಗೆ ಬೇರೆಯ ಅರ್ಥ ಬರುತ್ತದೆ. ಸೈನ್ಯಗಳು ನಡೆದ ದಾರಿಯಲ್ಲಿ ರೈತನ ಕಣಜಕ್ಕೆ ಆದ ಗತಿಯನ್ನು ರೈತರ ಮಕ್ಕಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟೀಪು ತನ್ನ ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟನು. ಬಾರಾಮಹಲು, ದಿಂಡಿಗಲ್ಲು, ಮಲಬಾರು ಕಂಪನಿಗೆ ಹೋದವು. ಬೆಂಗಳೂರು ಅವನಿಗೆ ಹಿಂದಿರುಗಿತು. ಶತ್ರುವಿಗೆ ಮತ್ತೊಮ್ಮೆ ಆಸರೆಯಾಗದಿರಲೆಂದು ಅವನು ತನ್ನ ತಂದೆ ಕಟ್ಟಿಸಿದ ಕೋಟೆಯ ರಕ್ಷಣಾಭಾಗಗಳನ್ನು ತಾನೇ ಕೆಡವಿಸಿದನು. 1799ರಲ್ಲಿ ಅವನು ಮಡಿದ ಮೇಲೆ ಒಡೆಯರ ದಿವಾನನಾದ ಪೂರ್ಣಯ್ಯನು ಕೋಟೆಯನ್ನು ದುರಸ್ತಿ ಮಾಡಿಸಿದನು. ಕಟ್ಟಿದವನ ಮಗನೇ ಕೆಡವಿ, ಕೆಡವಿದವನ ಮಂತ್ರಿಯೇ ಮತ್ತೆ ಕಟ್ಟಿದ ಗೋಡೆ ಇದು. ಇದೇ ಪೂರ್ಣಯ್ಯನಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ದೊರಕಿತು. ಕೊಳ್ಳೇಗಾಲವು ಮದರಾಸಿನ ಅಧೀನದಲ್ಲಿದ್ದ ಕಾಲದಲ್ಲಿ ಪಕ್ಕದ ಯಳಂದೂರು ಮೈಸೂರಿನಲ್ಲಿಯೇ ಉಳಿದುದು ಹೀಗೆ. ಕೆಲವೇ ಹರದಾರಿಗಳ ಅಂತರದಲ್ಲಿರುವ ಎರಡು ಊರುಗಳು ಎರಡು ಸರ್ಕಾರಗಳಿಗೆ ಕಂದಾಯ ಕಟ್ಟಿದವು. ಹೆಣ್ಣು ಕೊಟ್ಟು ತರುವುದು, ಸಂತೆ, ಜಾತ್ರೆ ಮಾತ್ರ ಗಡಿಯನ್ನು ಲೆಕ್ಕಿಸಲಿಲ್ಲ.

ಆದ್ದರಿಂದ ಬೆಂಗಳೂರಿನ ಪ್ರವಾಸಕ್ಕೆ ಒಂದು ತಿಂಗಳು ಮುಂಚೆ ಯಳಂದೂರಿಗೆ ಅರ್ಧ ದಿನದ ಭೇಟಿಯೊಂದನ್ನು ಇಟ್ಟುಕೊಳ್ಳುವುದು ಯುಕ್ತ. ಅಲ್ಲಿಯ ಜಹಗೀರುದಾರರ ಬಂಗಲೆಯು ಪೂರ್ಣಯ್ಯನ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಅದರೊಡನೆಯೇ ಗೌರೀಶ್ವರ ದೇವಾಲಯದ ಬಳೆಮಂಟಪವನ್ನೂ, ಅದರ ಕಲ್ಲಿನ ಬಳೆಗಳ ಸರಪಣಿಯನ್ನೂ ನೋಡಬಹುದು. ಕಲ್ಲುಕೆಲಸದಲ್ಲಿ ಸೂಕ್ಷ್ಮವಾದುದನ್ನು ಇಲ್ಲಿ ಕಂಡವರಿಗೆ ಕೋಟೆಯ ಒರಟು ಗ್ರಾನೈಟು ಯಾವ ಉದ್ದೇಶಕ್ಕಾಗಿ ಹಾಗಿದೆ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ.

ಶಾಲೆಯ ಅಂಗಳದಲ್ಲಿ ಮಾಡಬೇಕಾದ ಸಿದ್ಧತೆಯೂ ಇದೆ. 1791ರ ಮುತ್ತಿಗೆಯ ಸಂದರ್ಭದಲ್ಲಿ ಆಂಗ್ಲರು ತಯಾರಿಸಿದ ಪೇಟೆ ಮತ್ತು ಕೋಟೆಯ ನಕ್ಷೆಯು ಪುಸ್ತಕಗಳಲ್ಲಿ ಅಚ್ಚಾಗಿದೆ. ಸೈನ್ಯದೊಡನೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನ ಚಿತ್ರಗಳೂ 1794ರಲ್ಲಿ ಪ್ರಕಟವಾಗಿವೆ. ನಕ್ಷೆಯನ್ನು ದೊಡ್ಡದಾಗಿ ಬರೆಸಿ ತರಗತಿಯಲ್ಲಿ ತೂಗುಹಾಕಬೇಕು. ಅನಂತರ ಆಟದ ಬಯಲಿನಲ್ಲಿ ನೂರಕ್ಕೆ ಒಂದರ ಪ್ರಮಾಣದಲ್ಲಿ, ಸುಮಾರು 16 ಮೀಟರು ಸುತ್ತಳತೆಯ ಮೊಟ್ಟೆಯಾಕಾರವನ್ನು ಸುಣ್ಣದ ಪುಡಿಯಿಂದ ಗುರುತಿಸಿ, ಉತ್ತರಕ್ಕೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು, ಸುತ್ತ ಕಂದಕ, ಬುರುಜುಗಳು ಇವನ್ನು ಮಕ್ಕಳಿಂದಲೇ ಮಣ್ಣಿನಲ್ಲಿ ಮಾಡಿಸಬಹುದು. ಗಣಿತದ ಉಪಾಧ್ಯಾಯರೂ ಚಿತ್ರಕಲೆಯ ಉಪಾಧ್ಯಾಯರೂ ಇದರಲ್ಲಿ ಕೈಗೂಡಿಸಿದರೆ ಕೆಲಸ ಸುಗಮ. ಇನ್ನೊಂದು ದಿನ ಸಂಜೆ ಊರಿನ ರಸ್ತೆಯಲ್ಲಿ ಒಂದು ಮೈಲಿ, ಎಂದರೆ 1,600 ಮೀಟರಿಗೂ ತುಸು ಹೆಚ್ಚು, ಹೆಜ್ಜೆ ಎಣಿಸುತ್ತ ನಡೆಸಬೇಕು. ಬೆಂಗಳೂರಿಗೆ ಹೋದಾಗ ಮಕ್ಕಳು ನೋಡುವುದು ಕೋಟೆಯ ಒಂದು ಮೂಲೆಯನ್ನಷ್ಟೆ. ಇಲ್ಲದ ಭಾಗವನ್ನು ಮನಸ್ಸಿನಲ್ಲಿ ತುಂಬಿಕೊಳ್ಳುವ ಶಕ್ತಿ ಅವರಿಗೆ ಬರಬೇಕಾದುದು ಬಂಡಳ್ಳಿಯಲ್ಲಿ, ಬೆಂಗಳೂರಿನಲ್ಲಲ್ಲ.

ಪ್ರಯಾಣದ ವ್ಯವಸ್ಥೆಯ ವಿಷಯ. ಕೊಳ್ಳೇಗಾಲದಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರು ದಾರಿ. ಬಂಡಳ್ಳಿಯಿಂದ ಬೆಳಗಿನ ನಾಲ್ಕೂವರೆಗೆ ಹೊರಟರೆ ಎಂಟೂವರೆಯ ಹೊತ್ತಿಗೆ ಕನಕಪುರ ರಸ್ತೆಯ ಕಡೆಯಿಂದ ನಗರದ ಅಂಚನ್ನು ಮುಟ್ಟಬಹುದು. ಮಾರುಕಟ್ಟೆಯ ಸುತ್ತ ಶಾಲೆಯ ಬಸ್ಸನ್ನು ನಿಲ್ಲಿಸಲು ಎಡೆಯಿಲ್ಲ. ಆ ಇಕ್ಕಟ್ಟಿನಲ್ಲಿ ಅರವತ್ತು ಮಕ್ಕಳನ್ನು ಇಳಿಸಿ ಹತ್ತಿಸುವುದು ಅಪಾಯಕರ. ಹಿಂದೆ ಈ ಒಂದು ಕಾರಣದಿಂದಲೇ ಕೋಟೆಯನ್ನು ಕೈಬಿಡುವುದು ಸಹಜವಾಗಿತ್ತು. ಈಗ ಪರಿಸ್ಥಿತಿ ಬದಲಾಗಿದೆ. ಮೆಟ್ರೋ ರೈಲಿನ ಹಸಿರು ಮಾರ್ಗದಲ್ಲಿ 2017ರ ಜೂನ್ ತಿಂಗಳಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣ ಪ್ರಾರಂಭವಾಯಿತು. 2021ರ ಜನವರಿಯಲ್ಲಿ ಆ ಮಾರ್ಗವು ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯ ನಿಲ್ದಾಣದವರೆಗೆ ವಿಸ್ತರಿಸಿತು. ಬಸ್ಸನ್ನು ಆ ಕಡೆಯಲ್ಲಿಯೇ ನಿಲ್ಲಿಸಿ, ಮಕ್ಕಳು ರೈಲಿನಲ್ಲಿ ನೇರವಾಗಿ ಕೋಟೆಯ ಬಳಿಗೆ ಬರಬಹುದು. ರೇಷ್ಮೆಯ ಊರಾದ ಕೊಳ್ಳೇಗಾಲದ ಕಡೆಯ ಮಕ್ಕಳಿಗೆ ಬೆಂಗಳೂರಿನ ಮೊದಲ ನಿಲ್ದಾಣವೇ ರೇಷ್ಮೆಯ ಹೆಸರಿನದಾಗಿರುವುದು ಒಂದು ಸೊಗಸು. ರೈಲು ನ್ಯಾಷನಲ್ ಕಾಲೇಜಿನ ನಿಲ್ದಾಣ ದಾಟಿದ ಮೇಲೆ ನೆಲದೊಳಕ್ಕೆ ಇಳಿಯುತ್ತದೆ. ಈ ಸುರಂಗದ ಕಾಮಗಾರಿ ನಡೆಯುತ್ತಿದ್ದಾಗ, 2012ರಲ್ಲಿ, ಕೋಟೆಯ ನೆರೆಯಲ್ಲಿ ಟೀಪುವಿನ ಕಾಲದ್ದೆನ್ನಲಾದ ಎರಡು ಫಿರಂಗಿಗಳು ನೆಲದಡಿಯಲ್ಲಿ ದೊರೆತವು.

ಪ್ರವಾಸದ ದಿನವನ್ನು ಆರಿಸುವಾಗ ಪಂಚಾಂಗವನ್ನು ತೆರೆದಿಟ್ಟುಕೊಳ್ಳಬೇಕು. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ, ಸಂಕ್ರಾಂತಿ ಇವುಗಳ ಹಿಂದಿನ ಎರಡು ಮೂರು ದಿನ ಆ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಾರದ ನಡುವಿನ ಸಾಧಾರಣ ದಿನ ಒಳ್ಳೆಯದು. ಇಲಾಖೆಯ ಅನುಮತಿ, ಪೋಷಕರ ಒಪ್ಪಿಗೆಪತ್ರ ಇವು ಎಲ್ಲ ಶಾಲೆಗಳಿಗೂ ತಿಳಿದ ವಿಷಯ. ಹತ್ತು ಮಕ್ಕಳಿಗೆ ಒಬ್ಬ ಉಪಾಧ್ಯಾಯರಿರಬೇಕು. ಹೆಣ್ಣುಮಕ್ಕಳ ತಂಡದೊಡನೆ ಉಪಾಧ್ಯಾಯಿನಿಯರು ಇರಲೇಬೇಕು. ಶೌಚದ ವ್ಯವಸ್ಥೆಯನ್ನು ಮುಂಚೆಯೇ ಯೋಚಿಸದೆ ಹೊರಡುವ ಪ್ರವಾಸಗಳಲ್ಲಿ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ ಸಂಕಟಪಡುತ್ತಾರೆ. ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ರೈಲು ಹತ್ತುವ ಮುನ್ನ ಮತ್ತು ಇಳಿದ ಕೂಡಲೆ ನಿಲ್ದಾಣದಲ್ಲಿಯೇ ಇದಕ್ಕೆ ಸಮಯ ಕೊಡಬೇಕು.

ವೆಚ್ಚದ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಪ್ರವಾಸದ ಹಣವನ್ನು ಕಟ್ಟಿದವರ ಪಟ್ಟಿಯೇ ಪ್ರವಾಸಕ್ಕೆ ಹೊರಡುವವರ ಪಟ್ಟಿಯಾಗುವ ಪದ್ಧತಿ ಅನೇಕ ಕಡೆ ಬಳಕೆಯಲ್ಲಿದೆ. ಕೂಲಿನಾಲಿಯ ಮನೆಯ ಮಗು "ನನಗೆ ಬಸ್ಸು ಹಿಡಿಸುವುದಿಲ್ಲ" ಎಂದೋ "ಅವ್ವನಿಗೆ ಮೈ ಸರಿಯಿಲ್ಲ" ಎಂದೋ ಹೇಳಿ ಹಿಂದೆ ಉಳಿಯುತ್ತದೆ. ಮರುದಿನ ತರಗತಿಯಲ್ಲಿ ಕೋಟೆಯ ಪ್ರಬಂಧವನ್ನು ಬರೆಯಲು ಹೇಳಿದಾಗ ಆ ಮಗು ಬರೆಯುವುದಾದರೂ ಏನನ್ನು? ಅಧ್ಯಯನ ಪ್ರವಾಸವು ಪಾಠವೇ ಆಗಿದ್ದರೆ ಆ ಪಾಠದಿಂದ ಯಾರನ್ನೂ ಹೊರಗಿಡುವಂತಿಲ್ಲ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ದೂರದ ಜಾಗಗಳನ್ನು ಬಿಟ್ಟು ಒಂದೇ ಪ್ರದೇಶವನ್ನು ನೋಡಿ ಅದೇ ದಿನ ಹಿಂದಿರುಗಿದರೆ ವಸತಿಯ ಖರ್ಚಿಲ್ಲ. ಬುತ್ತಿಯನ್ನು ಊರಿನಿಂದಲೇ ಒಯ್ಯಬಹುದು. ಉಳಿಯುವುದು ಬಸ್ಸಿನ ಬಾಡಿಗೆ ಮತ್ತು ರೈಲಿನ ಟಿಕೆಟು. ಕಟ್ಟಡಕ್ಕೆ, ದಾಸೋಹಕ್ಕೆ ಉದಾರವಾಗಿ ನೀಡುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಈ ಬಾಬಿಗೂ ಒಂದು ಸಣ್ಣ ನಿಧಿಯನ್ನು ನಿಲ್ಲಿಸಿದರೆ ಪ್ರತಿ ವರ್ಷ ಒಂದು ತರಗತಿ ಪೂರ್ತಿಯಾಗಿ ಹೊರಡಲು ಸಾಧ್ಯ. ಕಲ್ಲಿನ ಮೇಲೆ ಹೆಸರು ಬರೆಯಿಸುವಂಥ ದಾನವಲ್ಲವಾದ್ದರಿಂದ ಇದು ಎಲ್ಲರ ಗಮನಕ್ಕೆ ಬರುವುದಿಲ್ಲ.

ಸ್ಥಳದಲ್ಲಿ ನೋಡುವ ಕ್ರಮ. ನಿಲ್ದಾಣದಿಂದ ಹೊರಬಂದ ಕೂಡಲೆ ಕೋಟೆಯೊಳಕ್ಕೆ ನುಗ್ಗದೆ, ಮಾರುಕಟ್ಟೆಯ ಕಟ್ಟಡದ ಕಡೆ ನಿಂತು ಕೋಟೆಯ ದಿಕ್ಕಿಗೆ ಮುಖಮಾಡಬೇಕು. ಅಲ್ಲಿಯೇ ಪೇಟೆಗೂ ಕೋಟೆಗೂ ನಡುವಿನ ಬಯಲು ಇದ್ದುದು. ಸಿದ್ದಿಕಟ್ಟೆ ಎಂಬ ನೀರಿನ ತಾಣವೂ ಅಲ್ಲಿಯೇ ಇತ್ತು. 1921ರಲ್ಲಿ ಮಾರುಕಟ್ಟೆಯ ಕಟ್ಟಡ ಎದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಪಡೆಯಿತು. ಮುತ್ತಿಗೆ ಹಾಕುವವನ ಕಣ್ಣಿನಿಂದ ಕೋಟೆಯನ್ನು ಮೊದಲು ನೋಡಿ ಆಮೇಲೆ ಒಳಗೆ ಹೋಗಿ ಕಾಯುವವನ ಕಣ್ಣಿನಿಂದ ನೋಡಿದರೆ ಬಾಗಿಲಿನ ರಚನೆ ತಾನೇ ಅರ್ಥವಾಗುತ್ತದೆ.

ದೆಹಲಿ ಬಾಗಿಲು ಎತ್ತರವಾದುದು. ಕಬ್ಬಿಣದ ಮೊಳೆಗಳುಳ್ಳ ಭಾರಿ ಮರದ ಕದಗಳು, ಕದದೊಳಗೆ ಒಬ್ಬೊಬ್ಬರೇ ಬಗ್ಗಿ ಹೋಗುವ ದಿಡ್ಡಿಬಾಗಿಲು. ಮೊಳೆಗಳು ಅಲಂಕಾರಕ್ಕಲ್ಲ, ಆನೆಗಳು ಹಣೆಯಿಂದ ಒತ್ತದಿರಲೆಂದು. ಒಳಗೆ ಹೋದಂತೆ ದಾರಿ ನೆಟ್ಟಗೆ ಸಾಗದೆ ತಿರುಗುತ್ತದೆ. ಒಳನುಗ್ಗಿದ ಶತ್ರುವಿನ ರಭಸವನ್ನು ತಡೆದು, ಮೇಲಿನಿಂದ ಅವನನ್ನು ಹೊಡೆಯಲು ಅನುಕೂಲವಾಗುವಂತೆ ಹೀಗೆ ರಚಿಸುತ್ತಿದ್ದರು. ಗೋಡೆಯ ತೆನೆಗಳಲ್ಲಿ ಕೋವಿಯನ್ನು ತೂರಿಸುವ ಕಿಂಡಿಗಳಿವೆ. ಮಕ್ಕಳು ಅವುಗಳ ಮೂಲಕ ಹೊರಗೆ ನೋಡಿ, ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂದು ಬರೆದುಕೊಳ್ಳಲಿ. ಕಮಾನುಗಳ ಶೈಲಿ ಮುಸಲ್ಮಾನ ವಾಸ್ತುವಿನದು. ಅದೇ ಗೋಡೆಯಲ್ಲಿ ಆನೆ, ನವಿಲು, ತಾವರೆಗಳ ಕೆತ್ತನೆಯಿದೆ. ಒಳಗೆ ಗಣಪತಿಯ ಗುಡಿಯಿದೆ. ಇವನ್ನು ಕುರಿತು ಉಪನ್ಯಾಸದ ಅವಶ್ಯಕತೆಯಿಲ್ಲ, ಮಕ್ಕಳು ಚಿತ್ರ ಬರೆದುಕೊಂಡರೆ ಸಾಕು. ಹೈದರ್ ಮತ್ತು ಟೀಪುವಿನ ವಿಷಯದಲ್ಲಿ ಹೊರಗೆ ನಡೆಯುವ ವಾದವಿವಾದಗಳನ್ನು ಅಲ್ಲಿಗೆ ಎಳೆತರದೆ, ಯಾವ ವರ್ಷ ಏನು ನಡೆಯಿತು, ಯಾವ ಕಲ್ಲು ಅದಕ್ಕೆ ಸಾಕ್ಷಿ ಎಂಬಷ್ಟಕ್ಕೆ ಉಪಾಧ್ಯಾಯರು ನಿಲ್ಲುವುದು ಲೇಸು. ತೀರ್ಮಾನಗಳಿಗೆ ಮಕ್ಕಳು ದೊಡ್ಡವರಾದ ಮೇಲೆ ಬೇಕಾದಷ್ಟು ಅವಕಾಶವಿದೆ.

ಕೆಂಪೇಗೌಡನ ಸೊಸೆಯ ಆತ್ಮಬಲಿಯ ಕಥೆಯನ್ನು ಮಕ್ಕಳು ಕೇಳಿಯೇ ಬಂದಿರುತ್ತಾರೆ. ಹೆಬ್ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ಗರ್ಭಿಣಿಯಾದ ಲಕ್ಷ್ಮಮ್ಮ ರಾತ್ರಿಯಲ್ಲಿ ತನ್ನನ್ನು ಬಲಿಕೊಟ್ಟುಕೊಂಡಳೆಂದೂ, ಅನಂತರ ಬಾಗಿಲು ನಿಂತಿತೆಂದೂ ಐತಿಹ್ಯ. ಕೋರಮಂಗಲದಲ್ಲಿ ಆಕೆಯ ಸಮಾಧಿಯನ್ನು ತೋರಿಸುತ್ತಾರೆ. ಅದನ್ನು ಸುಳ್ಳೆಂದು ತಳ್ಳುವುದೂ ಬೇಡ, ಚರಿತ್ರೆಯೆಂದು ಬರೆಸುವುದೂ ಬೇಡ. ಕನ್ನಡ ನಾಡಿನ ಕೆರೆ, ಕೋಟೆಗಳ ಬಗ್ಗೆ ಇಂಥ ಕಥೆಗಳು ಹಲವು ಕಡೆ ಇವೆ, ಎಲ್ಲ ಕಡೆಯೂ ಬಲಿಯಾಗುವವಳು ಮನೆಯ ಸೊಸೆಯೇ ಏಕೆ ಎಂಬ ಪ್ರಶ್ನೆಯನ್ನು ಹತ್ತನೆಯ ತರಗತಿಯ ಹೆಣ್ಣುಮಕ್ಕಳ ಮುಂದಿಟ್ಟು ನೋಡಬಹುದು.

ಕೋಟೆಯ ಉಳಿದ ಭಾಗಗಳು ಎಲ್ಲಿಗೆ ಹೋದವು? ಉತ್ತರ ಸುತ್ತಲೂ ನಿಂತಿದೆ. ರಸ್ತೆಗಳ ವಿಸ್ತರಣೆಗಾಗಿ, ಆಸ್ಪತ್ರೆ ಮತ್ತು ಶಾಲೆಗಳ ನಿರ್ಮಾಣಕ್ಕಾಗಿ ಗೋಡೆಗಳನ್ನು ಒಂದೊಂದಾಗಿ ತೆಗೆದರು. 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಶಂಕುಸ್ಥಾಪನೆ ಮಾಡಿ, 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಪ್ರಾರಂಭೋತ್ಸವ ನಡೆಸಿದ ವಿಕ್ಟೋರಿಯಾ ಆಸ್ಪತ್ರೆ, 1907ರ ಕೋಟೆ ಪ್ರೌಢಶಾಲೆ, ಮಿಂಟೋ ಕಣ್ಣಾಸ್ಪತ್ರೆ, 1935ರ ವಾಣಿವಿಲಾಸ ಆಸ್ಪತ್ರೆ, 1955ರ ವೈದ್ಯಕೀಯ ಕಾಲೇಜು ಇವೆಲ್ಲ ಕೋಟೆಯ ಮತ್ತು ಅದರ ಆವರಣದ ಆಸುಪಾಸಿನವೇ. ಸ್ಮಾರಕವೊಂದು ಹಾಳಾದುದಕ್ಕೆ ಮರುಗುವವರು ಈ ಸಂಗತಿಯನ್ನೂ ಎಣಿಸಬೇಕು. ಕೊಳ್ಳೇಗಾಲ, ಹನೂರು ಕಡೆಯಿಂದ ಕಣ್ಣಿನ ಪರೆಗೆಂದು ಮಿಂಟೋಗೂ, ದೊಡ್ಡ ಕಾಯಿಲೆಗಳಿಗೆಂದು ವಿಕ್ಟೋರಿಯಾಕ್ಕೂ ಹೋಗಿಬಂದ ಹಿರಿಯರು ಹಳ್ಳಿಹಳ್ಳಿಯಲ್ಲಿದ್ದಾರೆ. ಅವರು ತಮಗರಿಯದೆಯೇ ಕೋಟೆಯ ನೆಲವನ್ನು ತುಳಿದು ಬಂದವರು. ಆಸ್ಪತ್ರೆಯ ಮುಂದೆ ಮಕ್ಕಳು ಸದ್ದಿಲ್ಲದೆ ಸಾಗುವಂತೆ ನೋಡಿಕೊಳ್ಳಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಅಲ್ಲಿಂದ ಅರ್ಧ ಕಿಲೋಮೀಟರಿನೊಳಗೆ ಆಲೂರು ವೆಂಕಟರಾವ್ ರಸ್ತೆಯಲ್ಲಿ ಟೀಪುವಿನ ಬೇಸಿಗೆ ಅರಮನೆಯಿದೆ. 1781ರಲ್ಲಿ ಹೈದರನು ಪ್ರಾರಂಭಿಸಿ 1791ರಲ್ಲಿ ಟೀಪು ಪೂರೈಸಿದ, ಎರಡು ಅಂತಸ್ತಿನ ಮರದ ಕಟ್ಟಡ. ಕಟ್ಟಿ ಮುಗಿಸಿದ ವರ್ಷವೇ ಕೋಟೆ ಕೈಬಿಟ್ಟುದನ್ನು ಮಕ್ಕಳು ತಾವೇ ಲೆಕ್ಕಹಾಕಿ ಕಂಡುಕೊಳ್ಳಲಿ. 1868ರವರೆಗೆ ಸರ್ಕಾರದ ಕಚೇರಿಗಳು ಇಲ್ಲಿದ್ದು, ಅನಂತರ ಅಠಾರಾ ಕಚೇರಿಗೆ ಸ್ಥಳಾಂತರಗೊಂಡವು. ಪಕ್ಕದಲ್ಲಿಯೇ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣ ದೇವಾಲಯ. ಅದರ ಮುಂದಿನ ಕಲ್ಲುಕಂಬಕ್ಕೆ ಮುತ್ತಿಗೆಯ ಕಾಲದಲ್ಲಿ ಗುಂಡು ತಗುಲಿತೆಂಬ ಪ್ರತೀತಿಯಿದೆ. ಸಮಯವಿದ್ದರೆ ಕಲಾಸಿಪಾಳ್ಯದ ಕಡೆಯ ಕೋಟೆ ಜಲಕಂಠೇಶ್ವರ ದೇವಾಲಯವನ್ನೂ ನೋಡಬಹುದು. ಇವಿಷ್ಟಕ್ಕೆ ನಾಲ್ಕು ಗಂಟೆ ಧಾರಾಳವಾಗಿ ಬೇಕು. ಲಾಲ್‌ಬಾಗ್ ಹತ್ತಿರವೇ ಇದೆಯೆಂದು ಅದನ್ನೂ ಸೇರಿಸುವ ಆಸೆಯನ್ನು ತಡೆಯುವುದೇ ಉತ್ತಮ. ಮಧ್ಯಾಹ್ನ ಬುತ್ತಿಯೂಟವಾದ ಮೇಲೆ ಮೂರರ ವೇಳೆಗೆ ರೈಲು ಹತ್ತಿದರೆ ರಾತ್ರಿ ಎಂಟರೊಳಗೆ ಮಕ್ಕಳು ಮನೆ ಸೇರುತ್ತಾರೆ.

ಹಿಂದಿರುಗಿದ ಮೇಲೆ ಬರೆಸುವ ಪ್ರಬಂಧ "ನಾವು ಕಂಡ ಬೆಂಗಳೂರು" ಎಂಬ ಎಂದಿನ ಶೀರ್ಷಿಕೆಯದಾಗದಿರಲಿ. ಒಂದು ತಂಡ ಶಾಲೆಯ ಅಂಗಳದ ಮಣ್ಣಿನ ಮಾದರಿಯಲ್ಲಿ ಇಂದು ಉಳಿದಿರುವ ಭಾಗವನ್ನು ಬೇರೆ ಬಣ್ಣದಿಂದ ಗುರುತಿಸಲಿ. ಇನ್ನೊಂದು ತಂಡ ಗೋಡೆಯ ಫಲಕಕ್ಕೆ ಪ್ರತಿಯಾಗಿ, ಕೋಟೆಯನ್ನು ಕಾಯ್ದವರ ಕಡೆಯಿಂದ ಕನ್ನಡದಲ್ಲಿ ಒಂದು ಫಲಕವನ್ನು ಬರೆದು ತರಲಿ. ಮೂರನೆಯ ತಂಡಕ್ಕೆ ಊರಿನಲ್ಲಿಯೇ ಕೆಲಸವಿದೆ. 1956ಕ್ಕೆ ಹಿಂದಿನ ಭೂಮಿಯ ಪತ್ರಗಳಲ್ಲಿ ಜಿಲ್ಲೆಯ ಹೆಸರು ಕೊಯಮತ್ತೂರು ಎಂದೇ ಇರುತ್ತದೆ. ಅಂಥ ಪತ್ರ ಮನೆಯ ಪೆಟ್ಟಿಗೆಯಲ್ಲಿದ್ದರೆ ಹಿರಿಯರ ಅನುಮತಿ ಪಡೆದು ಅದರ ತಾರೀಖು, ಭಾಷೆ, ಮೊಹರು ಇವನ್ನು ನಕಲು ಮಾಡಿಕೊಳ್ಳಬೇಕು. ಕೊಯಮತ್ತೂರು ಜಿಲ್ಲೆಯ ಕಾಲವನ್ನು ಬಾಲ್ಯದಲ್ಲಿ ಕಂಡ ಎಂಬತ್ತು ದಾಟಿದ ಅಜ್ಜ ಅಜ್ಜಿಯರು ಇನ್ನೂ ಕೆಲವರು ಬದುಕಿದ್ದಾರೆ. ಕಚೇರಿಯ ಕೆಲಸಕ್ಕೆ ಆಗ ಎಲ್ಲಿಗೆ ಹೋಗುತ್ತಿದ್ದರು, ಶಾಲೆಯಲ್ಲಿ ಯಾವ ಪುಸ್ತಕ ಓದಿದರು, ರಾಜ್ಯ ಬದಲಾದ ದಿನ ಊರಿನಲ್ಲಿ ಏನು ನಡೆಯಿತು ಎಂದು ಅವರನ್ನು ಕೇಳಿ, ಅವರ ಮಾತಿನಲ್ಲಿಯೇ ಬರೆದುಕೊಂಡು, ಶಾಲೆಯ ಪುಸ್ತಕಭಂಡಾರದಲ್ಲಿ ಇಡಬೇಕು. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಮುಂದೂಡದೆ ಈ ವರ್ಷವೇ ಪ್ರಾರಂಭಿಸತಕ್ಕದ್ದು.